ಒಂಟಿ ಸೀಟಿನ ಗಾಡಿಯ ಸೂತಕ

ಮೊನ್ನೆ ನಮ್ಮೂರಿನ ಲಂಕಾ ಪೇಟೆಯಲ್ಲಿ ಮಗಳಿಗೆ ಪುಸ್ತಕ ಕೊಂಡು ಬರುವಾಗ ರಿಕ್ಷಾದ ಚಕ್ರ ಪಂಕ್ಚರಾಯಿತು. ಅಂಗಡಿಯವನು ಟ್ಯೂಬಿಗೆ ತೇಪೆ ಇಟ್ಟು ಕಾಯಿಸಿದಾಗ ಎದ್ದ ಬಿಸಿ ರಬ್ಬರಿನ ವಾಸನೆಗೆ ಮಗಳು ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಕೇದಾರ ಘಾಟಿನ ನನ್ನ ತವರುಮನೆಯಲ್ಲಿ ಕರ್ಪೂರ, ಗಂಧ, ಕುದಿಯುವ ಸಾರು ಇವುಗಳ ನಡುವೆ ವರ್ಷಕ್ಕೆರಡು ಸಲ ಈ ವಾಸನೆಯೂ ಬರುತ್ತಿತ್ತು. ರಘು ಅಣ್ಣ ರಜೆಗೆ ಬಂದು ಚೀಲ ಬಿಚ್ಚಿದರೆ ಅವನ ಬೂಟಿನ ಅಡಿಯಲ್ಲಿ ಟಯರಿನ ಕರೀ ಚೂರುಗಳು ಮೆತ್ತಿಕೊಂಡಿರುತ್ತಿದ್ದವು. ಆ ಮನೆ ಈಗಿಲ್ಲ, ಅಲ್ಲೊಂದು ಲಾಡ್ಜು ಎದ್ದಿದೆ. ನಿಮ್ಮದೂ ಒಂದು ಮನೆ ಹೀಗೆ ಹೋಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಅಪ್ಪ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ ಮಾಡಿಸುವ ಪುರೋಹಿತರು. ಅಣ್ಣನೂ ಅದಕ್ಕೇ ಬರಬೇಕಿತ್ತು. ಡಿಪ್ಲೊಮಾ ಓದಲೆಂದು ಕೊಯಮತ್ತೂರಿನ ಸೋದರಮಾವನ ಮನೆಗೆ ಹೋದವನು, ಮಾವ ಕೆಲಸ ಮಾಡುತ್ತಿದ್ದ ಗ್ಯಾರೇಜಿಗೆ ಹೋಗತೊಡಗಿದ. ಅಲ್ಲಿ ರೇಸಿನ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದರು. ಒಂದು ದಿನ ಓಡಿಸಬೇಕಾದವನಿಗೆ ಜ್ವರ ಬಂದು, ಸಣಕಲ ಅಣ್ಣನನ್ನು ಕೂರಿಸಿ ನೋಡಿದರು. ಕೂತವನು ಮೂರು ವರ್ಷ ಏಳಲಿಲ್ಲ. ಅದು ಕಿರಿಯರಿಗೆಂದೇ ಇದ್ದ ರೇಸುಗಳ ಸರಣಿ. ಮೇಲೆ ಚಾವಣಿಯಿಲ್ಲದ, ಚಕ್ರಗಳೆಲ್ಲ ಹೊರಗೇ ಕಾಣುವ, ಒಬ್ಬನೇ ಕೂರುವ ಗಾಡಿ. ಬೀದಿಯಲ್ಲಿ ಓಡಾಡುವ ಸಣ್ಣ ಕಾರಿನ ಎಂಜಿನ್ನೇ ಎಲ್ಲಕ್ಕೂ, ಹಾಗಾಗಿ ಗೆದ್ದವನು ಕೈಗುಣದಿಂದಲೇ ಗೆದ್ದ ಹಾಗೆ. ವರ್ಷದ ಕೊನೆಗೆ ಮೊದಲು ನಿಂತವನನ್ನು ದೊಡ್ಡ ಗಾಡಿಗೆ ಹತ್ತಿಸುತ್ತಿದ್ದರು. ಇದನ್ನೆಲ್ಲ ಅವನು ಪಡಸಾಲೆಯಲ್ಲಿ ನನ್ನ ರಂಗೋಲಿ ಪುಡಿಯಿಂದಲೇ ಟ್ರ್ಯಾಕು ಬರೆದು ತೋರಿಸುತ್ತಿದ್ದ.

"ಒಬ್ಬನೇ ಕೂರೋ ಗಾಡೀನಾ? ನಮ್ಮ ಗಲ್ಲೀಲಿ ಅದನ್ನ ನಾಲ್ಕು ಜನ ಹೊತ್ಕೊಂಡು ಹೋಗ್ತಾರೆ ಕಣೋ" ಎಂದು ಅಜ್ಜಿ ಹೆಣ ಸುಡುವ ಹರಿಶ್ಚಂದ್ರ ಘಾಟಿನ ಕಡೆ ಗದ್ದ ತೋರಿಸಿದಳು.

"ಬಿಡ್ತು ಅನ್ನಿ ಅತ್ತೆ!" ಅಮ್ಮ ಒಳಗಿಂದಲೇ ಗದರಿದಳು.

"ಆ ಗಾಡಿ ಹೋದ್ರೆ ತಿರುಗಿ ಬರಲ್ಲ ಅಜ್ಜಿ. ನಾನು ಸುತ್ತಿ ಸುತ್ತಿ ವಾಪಸ್ ಬರ್ತೀನಿ."

"ಹೊರಟಲ್ಲಿಗೇ ಬರೋದಾದ್ರೆ ಅಷ್ಟು ಅವಸರ ಯಾಕೋ, ಮುಂಡೇದೆ?"

ಮೂರನೇ ವರ್ಷ ಅಣ್ಣ ಎರಡನೆಯವನಾಗಿ ನಿಂತ. ಇನ್ನೊಂದೇ ವರ್ಷ ಕೊಡಿ, ಗೆಲ್ಲದಿದ್ದರೆ ಘಾಟಿನಲ್ಲಿ ನಿಮ್ಮ ಪಕ್ಕ ಬಂದು ಕೂರುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟು ಹೋದ. ಅಷ್ಟರಲ್ಲಿ ಸರಣಿಯೇ ಸೊರಗುತ್ತಿತ್ತು. ಮೊದಲು ಸಾಲು ತುಂಬ ನಿಲ್ಲುತ್ತಿದ್ದ ಗಾಡಿಗಳು ಬೆರಳೆಣಿಕೆಗೆ ಇಳಿದಿದ್ದವು. ಟಯರು ಕೊಡುತ್ತಿದ್ದ ಕಂಪನಿ ಕೈಬಿಟ್ಟಿತ್ತು. ಬೇರೆ ಹೊಸ ಗಾಡಿಗಳು ಬಂದು ಹುಡುಗರು ಅತ್ತ ಹೋಗಿದ್ದರು. ನಮಗೆ ಇದೊಂದೂ ತಿಳಿದಿರಲಿಲ್ಲ.

ಮನೆಯಲ್ಲಿ ಫೋನಿರಲಿಲ್ಲ, ಕರೆಗಳು ಪಕ್ಕದ ಧರ್ಮಶಾಲೆಗೆ ಬರುತ್ತಿದ್ದವು. ಅಲ್ಲಿನ ದುಬೇಜಿ ಒಂದು ಬೆಳಿಗ್ಗೆ ಬಂದು ಹೊಸಿಲಾಚೆಯೇ ನಿಂತು, "ಪಂಡಿತ್‌ಜೀ, ರಘು ಖತಮ್ ಹೋ ಗಯಾ" ಎಂದರು, ರಘು ಮುಗಿದುಹೋದ ಎಂದು. ಆಮೇಲೆ ತಿಳಿದದ್ದು, ಮಾವ ಫೋನಿನಲ್ಲಿ ತನ್ನ ಮುರುಕು ಹಿಂದಿಯಲ್ಲಿ, ರಘುವಿನ ರೇಸು ಮುಗಿಯಿತು, ಸರಣಿಯನ್ನೇ ನಿಲ್ಲಿಸಿದರು ಎಂದಿದ್ದನಂತೆ. ಗರಗರ ಲೈನಿನಲ್ಲಿ ರೇಸೆಂಬ ಮಾತು ಬಿದ್ದುಹೋಗಿ ರಘುವೊಬ್ಬನೇ ದಾಟಿ ಬಂದಿದ್ದ. ದೂರದ ಸಾವು ಕಿವಿಗೆ ಬಿದ್ದರೆ ಉಟ್ಟ ಬಟ್ಟೆಯಲ್ಲೇ ನದಿಯಲ್ಲಿ ಮುಳುಗಬೇಕು. ಬೇರೆ ಮನೆಯವರು ಮೊದಲು ಅಳುತ್ತಿದ್ದರೇನೋ, ನಾವು ಪುರೋಹಿತರ ಮನೆಯವರು ಒಲೆ ಆರಿಸಿ ಮೆಟ್ಟಿಲಿಳಿದೆವು. ಅಪ್ಪ ಮೂರು ಸಲ ಮುಳುಗಿದರು, ನಾವೂ ಮುಳುಗಿದೆವು. ಅಮ್ಮನ ಸೆರಗು ನೀರಿನ ಮೇಲೆ ಉಬ್ಬಿ ನಿಂತಿದ್ದನ್ನೇ ನೋಡುತ್ತಿದ್ದೆ, ಬೇರೇನೂ ಅನ್ನಿಸಲಿಲ್ಲ. ದೇವರ ದಯೆ, ಆ ಪಾಚಿಯಲ್ಲಿ ಅಜ್ಜಿಯ ಕಾಲು ಜಾರಲಿಲ್ಲ.

ಒದ್ದೆಯಲ್ಲೇ ಮೇಲೆ ಬರುವಾಗ ದುಬೇಜಿ ಎದುರಿಗೆ ಓಡಿಬಂದರು. ಫೋನಿನಲ್ಲಿ ಸ್ವತಃ ಅಣ್ಣ. ಅಮ್ಮ ಅವನ ಧ್ವನಿ ಕೇಳಿ, ತಿಂಡಿ ತಿಂದೆಯಾ ಎಂದಳು. ಏನು ಮುಗಿದದ್ದು ಎಂದು ತಿಳಿದ ಅಜ್ಜಿ, "ಗಾಡಿ ಸತ್ರೆ ಸಾಯ್ಲಿ ಬಿಡು, ಹುಡುಗ ಇದಾನಲ್ಲ" ಎಂದಳು. ಒಲೆ ಮತ್ತೆ ಹತ್ತಿತು, ಪಾಯಸವಾಯಿತು.

ವಾರ ಕಳೆದು ಅಣ್ಣ ಬಂದಾಗ ಎಲ್ಲರೂ ಅವನ ಮೈ ಮುಟ್ಟಿ ಮುಟ್ಟಿ ನೋಡಿದರು, ಮುಳುಗಿದ ಕಥೆಯನ್ನು ನಗುನಗುತ್ತ ಹೇಳಿದರು. ಅವನು ಪೂರ್ತಿ ಕೇಳಿದ. ಆಮೇಲೆ, "ನನಗೆ ಅಂತ ಮುಳುಗಿದ್ರಿ, ಸರಿ. ನಿಜವಾಗಿ ಹೋಗಿದ್ದು ರೇಸು, ಅದಕ್ಕೆ ಎಷ್ಟು ದಿನ ಸೂತಕ ಅಪ್ಪ?" ಎಂದ.

ಯಾವ ಸಾವಿಗೆ ಎಷ್ಟು ದಿನ ಎಂದು ಹೇಳಲು ಅಪ್ಪ ಪುಸ್ತಕ ತೆರೆದವರೇ ಅಲ್ಲ. ಅವತ್ತು ಪುಸ್ತಕ ಕೆಳಗಿಳಿಸಿ ಹಾಳೆ ತಿರುವಿದರು. "ಶಾಸ್ತ್ರದಲ್ಲಿ ಅದಕ್ಕೆ ಇಲ್ಲ ಮಗು" ಎಂದರು. ಅಣ್ಣ ತಲೆಯಾಡಿಸಿ ಊಟಕ್ಕೆ ಕೂತ. ಮರುವಾರದಿಂದ ಅಪ್ಪನ ಪಕ್ಕದಲ್ಲೂ ಕೂತ.

ಅಜ್ಜಿ, ಅಪ್ಪ, ಅಮ್ಮ ಒಬ್ಬೊಬ್ಬರಾಗಿ ಹೋದರು. ಅವರವರ ದಿನಗಳನ್ನು ಎಣಿಸಿ, ಹದಿಮೂರನೆಯ ದಿನ ಸಿಹಿ ಉಂಡು ನಾವು ನಮ್ಮ ಕೆಲಸಕ್ಕೆ ಮರಳಿದೆವು. ಈಗ ಯಾತ್ರಿಕರು ಸೂತಕ ಎಷ್ಟು ದಿನವೆಂದು ಕೇಳಿದರೆ ಅಣ್ಣ ತಕ್ಷಣ ಹೇಳುತ್ತಾನೆ. ಅವನು ಕಳಕೊಂಡದ್ದಕ್ಕೆ ಮಾತ್ರ ಯಾರೂ ಎಣಿಸಲಿಲ್ಲ, ಹಾಗಾಗಿ ಹದಿಮೂರನೆಯ ದಿನವೂ ಬರಲಿಲ್ಲ. ಅಣ್ಣ ಇದ್ದಾನೆ, ಆರೋಗ್ಯವಾಗಿದ್ದಾನೆ, ನನಗೆ ಅಷ್ಟು ಸಾಕು ಎಂದು ದಿನವೂ ಕೇದಾರೇಶ್ವರನಿಗೆ ಕೈಮುಗಿಯುತ್ತೇನೆ. ಅವನಿಗೆ ಸಾಕೇ ಎಂದು ಇಷ್ಟು ವರ್ಷಗಳಲ್ಲಿ ಒಂದು ಸಲವೂ ಕೇಳಿಲ್ಲ.