ತೂತಿಲ್ಲದ ಗುಂಡಿ

ನನ್ನ ಮಾವ ಗುಡ್ಡಪ್ಪನವರು ಬ್ಯಾಡಗಿಯಲ್ಲಿ ನಲವತ್ತೊಂದು ವರ್ಷ ಅಂಗಿ ಹೊಲಿದವರು. ಹೋದ ತಿಂಗಳಷ್ಟೇ ಅಳತೆ ಕೊಟ್ಟ ಗಿರಾಕಿ ಬಂದರೂ ಮತ್ತೆ ಟೇಪು ಹಿಡಿಯುತ್ತಿದ್ದರಂತೆ. "ಹಳೇ ಅಳತಿ ಐತಲ್ಲ ಗುಡ್ಡಪ್ಪಣ್ಣ" ಎಂದರೆ, "ಅದು ಹೋದ ತಿಂಗಳ ಮನಿಶ್ಯಾಂದು. ಕೈ ಎತ್ತು" ಎನ್ನುವುದು. ಮೆಣಸಿನಕಾಯಿ ಮಾರಲು ಬಂದ ಮೋಟೆಬೆನ್ನೂರಿನ ರೈತರು ಅವರನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಅವರು ಹೊಲಿದ ಒಳಜೇಬು ಹೊರಗಿನವರಿಗೆ ಕಾಣುತ್ತಿರಲಿಲ್ಲ.

ಹೋದ ವರ್ಷ ಅವರ ಹೃದಯ ಸೋತಿತು. ರಕ್ತ ದೂಡುವ ಬಲ ಅದಕ್ಕೆ ಸಾಲುತ್ತಿಲ್ಲ ಎಂದರು ಹಾವೇರಿಯ ಡಾಕ್ಟರು ಪದ್ಮಜಾ. ಉಪ್ಪು ಕಡಿಮೆ, ಮೈಯ ನೀರಿಳಿಸುವ ಗುಳಿಗೆ ತಪ್ಪಿಸಬಾರದು, ಕಾಲು ಬಾತರೆ ತಡಮಾಡದೆ ಬರಬೇಕು. "ಬಾವು ನೋಡಾಕ ನನ್ನ ಟೇಪ್ ಐತಲ್ರೀ" ಎಂದು ಮಾವ ನಕ್ಕಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಬಲಪಾದದ ಗಂಟಿನ ಸುತ್ತಳತೆ ತೆಗೆದು ಬೀರುವಿನ ಬಾಗಿಲ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಇಂಚಿನ ಲೆಕ್ಕದಲ್ಲಿ ಬರೆಯುತ್ತಿದ್ದರು. ಒಂಬತ್ತೂಕಾಲು. ಒಂಬತ್ತೂವರೆ. ಒಂಬತ್ತೂಕಾಲು.

ನನಗೆ ಸಂಶಯ ಹುಟ್ಟಿಸಿದ್ದೇ ಆ ಬಾಗಿಲು. ದೀಪಾವಳಿ ಮುಗಿದ ಮೇಲೆ ಹನ್ನೆರಡು ದಿನ ಬಿಡದೆ ಒಂಬತ್ತೂಕಾಲು! ಆದರೆ ಮೆಟ್ಟಿಲು ಹತ್ತಿದರೆ ಏದುಸಿರು. ಗೋಡೆಗೆ ಮುಖ ಮಾಡಿ ಮಲಗುವುದು ಹೆಚ್ಚಾಗಿತ್ತು, ರೊಟ್ಟಿ ಅರ್ಧ ಉಳಿಯುತ್ತಿತ್ತು. ಮೂರೂವರೆ ವರ್ಷದ ನನ್ನ ಮಗಳು ಭುವನಾ "ಅಜ್ಜಾ" ಎಂದು ಕೂಗಿದರೆ ಮೂರನೆಯ ಸಲಕ್ಕೆ ತಿರುಗುತ್ತಿದ್ದರು. ಕದ್ದು ಉಪ್ಪು ತಿನ್ನುತ್ತಿದ್ದಾರೆಯೇ? ಉಪ್ಪಿನಕಾಯಿ ಭರಣಿಯನ್ನು ಮಗಳ ಸ್ವೆಟರುಗಳ ಕೆಳಗೆ ಬಚ್ಚಿಟ್ಟೆ. ಸ್ವೆಟರಿಗೆಲ್ಲ ಎಣ್ಣೆ ಹತ್ತಿತು. ಬೇರೇನೂ ಬದಲಾಗಲಿಲ್ಲ.

ನನ್ನ ಗಂಡ ಚನ್ನೇಶ ರಾಣೆಬೆನ್ನೂರಿನ ಬೀಜದ ಕಂಪನಿಯಿಂದ ಬಂದು ಊಟಕ್ಕೆ ಕೂತಾಗ ಹೇಳಿದೆ.

"ವಯಸ್ಸಾಗೇತಿ, ಮಾತ ಕಡಿಮಿ ಆಗೇತಿ, ಅಷ್ಟ. ನಿನಗ ಎಲ್ಲಾದರಾಗೂ ಡೌಟು. ಹುಬ್ಬಳ್ಯಾಗ ಓದಿದಾಕಿ ಪೊಲೀಸ್ ಆಗೂದ ಬಿಟ್ಟ ನನ್ನ ಯಾಕ ಮದುವಿ ಆದಿ?"

"ಆಗಿದ್ರ ಮೊದಲ ನಿಮ್ಮನ್ನ ಒಳಗ ಹಾಕ್ತಿದ್ದೆ."

ಮರುದಿನ ಸಂಜೆ ಟೇಪನ್ನು ಸುತ್ತಿ, ಭುವನಾಳ ಹಸಿರು ರಿಬ್ಬನ್ನಿನಿಂದ ಎರಡು ಗಂಟು ಹಾಕಿ ಮೊಳೆಗೆ ತೂಗಿಬಿಟ್ಟೆ. ಬೆಳಿಗ್ಗೆ ಬಾಗಿಲ ಮೇಲೆ ಹೊಸ ಒಂಬತ್ತೂಕಾಲು. ಗಂಟು ಹಾಕಿದ ಹಾಗೇ ಇತ್ತು.

ಹೇಗೆ ಕೇಳಲಿ ಎಂದು ನಿಂತಿದ್ದೆ. ಭುವನಾ ಅಜ್ಜನ ಗುಂಡಿಗಳ ಡಬ್ಬಿ ಹಿಡಿದುಕೊಂಡು ಬಂದಳು.

"ಅಮ್ಮಾ, ಈ ಗುಂಡಿಗೆ ತೂತ ಇಲ್ಲ."

ಅವಳ ಅಂಗೈಯಲ್ಲಿದ್ದದ್ದು ನೀರಿಳಿಸುವ ಗುಳಿಗೆ. ಬಾಯಿಗೆ ಬೆರಳು ಹಾಕಿ ತಡಕಿದೆ, ಅವಳು ಕಿರುಚಿಕೊಂಡಳು. "ನುಂಗಿದೇನ? ಖರೇ ಹೇಳು!"

"ಗುಂಡಿ ಯಾರ ತಿಂತಾರ?" ಎಂದಳು ಅಳುತ್ತಲೇ.

ಡಬ್ಬಿಯನ್ನು ನೆಲಕ್ಕೆ ಸುರಿದೆ. ಅಂಗಿಯ ಬಿಳಿ ಗುಂಡಿಗಳ ನಡುವೆ ಅಷ್ಟೇ ಬಿಳಿಯ ಗುಳಿಗೆಗಳು, ಒಂದು ಮುಷ್ಟಿ.

"ಮಾವಾರ, ಇದು ನನ್ನ ಕೂಸಿನ ಹೊಟ್ಟ್ಯಾಗ ಹೋಗಿದ್ರ?"

ಮಾವನ ಮುಖ ಬಿಳಿಚಿತು. "ಅಕಿ ಈ ಡಬ್ಬಿ ತಗೊಂಡ ಆಡತಾಳ ಅನ್ನೂದ ಮರತೆ ಯವ್ವಾ. ಖರೇ ಮರತೆ."

ಸಿಟ್ಟಿನಲ್ಲೇ ಕೂತು ರಿಬ್ಬನ್ ಕಿತ್ತು ಅವರ ಕಾಲಿಗೆ ಟೇಪು ಸುತ್ತಿದೆ. ಹತ್ತೂಮುಕ್ಕಾಲು. ನನ್ನ ಹೆಬ್ಬೆರಳು ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ಉಳಿಯಿತು.

"ಸುಳ್ಳ ಅಳತಿ ಯಾಕ ಬರದ್ರಿ? ನೀವು?"

"ನನಗ ಇನ್ನ ಉಳದದ್ದು ಒಂದ ಅರಿವಿ. ಅದಕ್ಕ ಅಳತಿ ತಗೊಳ್ಳೂದಿಲ್ಲ."

ಹೆಣಕ್ಕೆ ಹೊದಿಸುವ ಬಟ್ಟೆಯ ಮಾತು ಅದೆಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ, ಟೇಪು ಬಿಟ್ಟು ಚನ್ನೇಶನಿಗೆ ಫೋನ್ ಮಾಡಿದೆ.

ಅಂದೇ ಹಾವೇರಿಗೆ ಹೋದೆವು. ಚನ್ನೇಶನೂ ರಾಣೆಬೆನ್ನೂರಿನಿಂದ ನೇರ ಬಂದ. ಡಾಕ್ಟರು ಕುರ್ಚಿ ಎಳೆದುಕೊಂಡು ಮಾವನ ಎದುರೇ ಕೂತು ಕೇಳಿದರು: "ಸಾಯಬೇಕು ಅನಸ್ತದೇನ್ರಿ?"

"ಸಾಯಬೇಕು ಅಂತಲ್ರೀ. ಇರಬೇಕು ಅಂತನೂ ಅನಸೂದಿಲ್ಲ."

ಡಾಕ್ಟರು ನಮ್ಮ ಕಡೆ ತಿರುಗಿದರು. "ಹೃದಯ ಸೋತವರಿಗೆ ಮನಸ್ಸೂ ಸೋಲೂದು ಭಾಳ ಮಂದಿಗೆ ಆಗ್ತದ. ಇದು ವಯಸ್ಸಲ್ಲ, ಬ್ಯಾನಿ. ಖಿನ್ನತೆ ಅಂತಾರ. ಇದಕ್ಕೂ ಔಷಧ ಅದ. ಇನ್ನ ಮ್ಯಾಲ ಗುಳಿಗಿ ನೀವ ಕೈಯಾರೆ ಕೊಡ್ರಿ." ಚನ್ನೇಶ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

ಅಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಮನಸ್ಸಿನ ಡಾಕ್ಟರಿಗೂ ತೋರಿಸಿದೆವು. ಈಗ ಗುಳಿಗೆ ನುಂಗಿದ ಮೇಲೆ ಮಾವನ ನಾಲಿಗೆ ಎತ್ತಿಸಿ ನೋಡುತ್ತೇನೆ. ಭುವನಾಳದ್ದನ್ನೂ. ಗುಂಡಿಗಳ ಡಬ್ಬಿಗೆ ಬೀಗ ಬಿದ್ದಿದೆ. ಕಾಲಿನ ಅಳತೆ ನನ್ನ ಕೆಲಸ. ಐದು ವಾರ ಅವರು ಮಾತಿಲ್ಲದೆ ಕಾಲು ಚಾಚಿದರು, ನಾನು ಅಳೆದು ಬರೆದೆ.

ಹೋದ ಸೋಮವಾರ ಟೇಪು ಸುತ್ತುತ್ತಿದ್ದಂತೆ ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು.

"ಸೆಂಟಿಮೀಟರ್ ಬಾಜೂ ಹಿಡದೀಯಲ್ಲ! ಹುಬ್ಬಳ್ಯಾಗ ಇದನ್ನೂ ಕಲಸಲಿಲ್ಲೇನ ನಿನಗ? ಕೊಡಿಲ್ಲೆ."

ತಾವೇ ಬಾಗಿ, ನಡುವೆ ಒಮ್ಮೆ ಉಸಿರು ತೆಗೆದುಕೊಂಡು, ಅಳೆದರು. ಎದ್ದು ಬಾಗಿಲ ಮೇಲೆ ಬರೆದರು: ಒಂಬತ್ತೂವರೆ.

ನಾನು ನಂಬಲಿಲ್ಲ. ಟೇಪು ಇಸಿದುಕೊಂಡು ಇನ್ನೊಮ್ಮೆ ಸುತ್ತಿದೆ. ಮಾವ ಸೀಮೆಸುಣ್ಣ ಕೆಳಗಿಡದೆ, ನನ್ನ ಬೆರಳನ್ನೇ ನೋಡುತ್ತ ನಿಂತಿದ್ದರು.

"ಎಷ್ಟ ಬಂತ?" ಎಂದು ಕೇಳಿದರು.