ಮೂರನೆಯ ನೂಲು ಯಾರ ಕಡೆಯದು

ಶಿಕಾರಿಪುರದ ನನ್ನ ಮೊದಲ ಬೆಳಿಗ್ಗೆ, ಪಕ್ಕದ ಮನೆಯಲ್ಲಿ ಯಾರನ್ನೋ ಹೊಡೆಯುತ್ತಿದ್ದಾರೆಂದು ಹೆದರಿ ಬರಿಗಾಲಲ್ಲೇ ಹೊರಗೆ ಓಡಿದೆ. ಪಟ್ ಪಟ್ ಸದ್ದು ಎದುರು ಮನೆಯಿಂದಲೂ ಬರುತ್ತಿತ್ತು, ಅದರಾಚೆಯ ಮನೆಯಿಂದಲೂ. ಇಣುಕಿದರೆ ಒಬ್ಬಾಕೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. "ಬರ್ರೀ ನರ್ಸಮ್ಮ, ಬಿಸಿ ಐತಿ, ತಿನ್ರಿ" ಎಂದಳು. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿಯಲ್ಲಿ ಬೆಳೆದ ನನಗೆ ಆ ರೊಟ್ಟಿ ಇಳಿಯಲು ಎರಡು ಲೋಟ ನೀರು ಬೇಕಾಯಿತು.

ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಮೇಲೆ, ಮೂಡುಬಿದಿರೆ ಕಡೆಯ ಹೆರಿಗೆ ನರ್ಸಾದ ನನಗೆ ಘಟ್ಟದ ಮೇಲಿನ ಈ ಊರಿಗೆ ಹುಕುಂ ಬಂತು. ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. "ಪುಸ್ತಕ ಓದಿದಂಗೆ ಮಾತಾಡ್ತೀರಲ್ರೀ" ಎಂದು ಹೆಂಗಸರು ನೋವು ತಿನ್ನುತ್ತಲೇ ನಗುತ್ತಿದ್ದರು. ನೋವಿಗೆ ಅವರು 'ಬ್ಯಾನಿ' ಎನ್ನುತ್ತಾರೆ. ಅದು ನಮ್ಮ ತುಳುವಿನ 'ಬೇನೆ'ಯೇ ಎಂದು ಹೊಳೆದ ದಿನ, ಯಾರಿಗೂ ಕಾಣದಂತೆ ಅತ್ತಿದ್ದೆ.

ಆದರೆ ಕೂಸು ಯಾರಿಗೆ ಸೇರಿದ್ದು ಎಂಬುದು ಇಲ್ಲಿ ಬೇರೆಯೇ. ನಮ್ಮ ಮನೆತನಗಳಲ್ಲಿ ಮಗು ತಾಯಿಯ 'ಬಳಿ'ಗೆ, ಅಂದರೆ ತಾಯಿಯ ವಂಶಕ್ಕೆ ಸೇರುತ್ತದೆ. ಇಲ್ಲಿ ತಂದೆಯ ವಂಶಕ್ಕೆ. ಕೂಸಿನಲ್ಲಿ ಊನ ಕಂಡರೆ ಮಾತ್ರ ಅದು ತಾಯಿಯದಾಗುತ್ತದೆ.

ಅದು ನನಗೆ ತಿಳಿದದ್ದು ಬಸಮ್ಮನಿಂದ. ಸೊರಬದ ಕಡೆಯ ಜಡೆ ಊರಿನವಳು, ಉಡುತಡಿಗೆ ಕೊಟ್ಟ ಹುಡುಗಿ. ಚೊಚ್ಚಲು ಹೆಣ್ಣು. ಕೂಸಿನ ಕಣ್ಣು ಓರೆ, ಮೈ ಹತ್ತಿಯಷ್ಟು ಮೆತ್ತಗೆ, ಅಂಗೈಯಲ್ಲಿ ಅಡ್ಡಕ್ಕೆ ಒಂದೇ ಗೆರೆ. ಮೊಲೆ ಚೀಪಲು ಶಕ್ತಿ ಇರಲಿಲ್ಲ. ಹಾಲು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುವುದನ್ನು ಕಲಿಸಿದೆ. ಎರಡು ತಿಂಗಳಾದರೂ ಆ ಮನೆಯವರು ಹೆಸರಿಟ್ಟಿರಲಿಲ್ಲ.

ಒಂದು ದಿನ ಬಸಮ್ಮ ಕೂಸಿನೊಂದಿಗೆ ಆಸ್ಪತ್ರೆಗೆ ಬಂದು ಬೆಂಚಿನ ಮೇಲೆ ಕೂತಳು. "ಗ್ರಹಣದಲ್ಲಿ ನಾನು ಈಳಿಗೆಮಣೆ ಮುಟ್ಟಿದ್ದಕ್ಕೇ ಹಿಂಗಾತಂತೆ ಅಕ್ಕಾ. ಹುಣ್ಣಿಮೆ ಕಳೆದ ಮೇಲೆ ನಮ್ಮಿಬ್ರನ್ನೂ ಜಡೆಗೆ ಬಿಟ್ಟು ಬರ್ತಾರಂತೆ. ಕರ್ಕೊಂಡು ಹೋಗಕ್ಕೆ ಮತ್ತೆ ಬರಲ್ಲ ಅವ್ರು."

ನಾನು ಡಾಕ್ಟರ ಕೋಣೆಗೆ ಹೋದೆ. ಅವರಿಗೆ ಅಂಚೆಯಲ್ಲಿ ಬರುತ್ತಿದ್ದ ವೈದ್ಯ ಪತ್ರಿಕೆಯಲ್ಲಿ ಇಂಥ ಮಕ್ಕಳ ವಿಷಯ ಆ ವರ್ಷವೇ ಬಂದಿತ್ತು. ಚಿತ್ರ ತೋರಿಸಿ ಹೇಳಿದರು: "ಇವು ವರ್ಣತಂತುಗಳು. ಪ್ರತಿಯೊಂದು ಜೀವಕೋಶದಲ್ಲೂ ಜೋಡಿ ಜೋಡಿಯಾಗಿರುತ್ತವೆ. ಒಂದೊಂದರ ಮೇಲೂ ಜೀನುಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ತಮ್ಮ ತಮ್ಮ ಜಾಗದಲ್ಲಿ ಕೂತಿವೆ. ಈ ಮಕ್ಕಳಲ್ಲಿ ಒಂದು ಪುಟ್ಟ ತಂತು ಮಾತ್ರ ಎರಡಲ್ಲ, ಮೂರು. ಮಣಿ ಕೆಟ್ಟಿಲ್ಲ. ಎರಡು ಕಡೆಯಿಂದ ಬರಬೇಕಾದ ಅಪ್ಪಣೆ ಮೂರು ಕಡೆಯಿಂದ ಬರುತ್ತಿದೆ."

"ಕಣ್ಣು, ಮೈ, ಅಂಗೈ, ಎಲ್ಲ ಕಡೆಯೂ ಯಾಕೆ?"

"ಎಲ್ಲ ಮಣಿಯೂ ಎಲ್ಲ ಜೀವಕೋಶದಲ್ಲೂ ಇದೆ. ಯಾವುದು ಎಲ್ಲಿ ಬಾಯಿ ಬಿಡುತ್ತದೆ, ಎಲ್ಲಿ ಸುಮ್ಮನಿರುತ್ತದೆ, ಅದು ಇನ್ನೂ ಯಾರಿಗೂ ಪೂರ್ತಿ ತಿಳಿಯದು ಸಿಸ್ಟರ್."

ಭಾನುವಾರ ಆ ಪತ್ರಿಕೆ ಹಿಡಿದು ಉಡುತಡಿಗೆ ಹೋದೆ. ಬಸಮ್ಮನ ಅತ್ತೆ ಹಾಲಮ್ಮ ಅಂಗಳದಲ್ಲಿ ಅವರೆ ಬಿಡಿಸುತ್ತಿದ್ದರು. ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಇವೇನ್ರೀ, ಹುಳ ಇದ್ದಂಗೆ ಅದಾವು?"

"ನಮ್ಮ ಮೈಯೊಳಗಿನ ನೂಲು, ಅಮ್ಮ. ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಇಲ್ಲಿ ಎಣಿಸಿ."

ಬೆರಳಿಟ್ಟು ಎಣಿಸಿದರು. "ಮೂರು. ಇದು ನಮ್ಮ ಕೂಸಿಂದಾ?"

"ಅಲ್ಲ. ಹೊರದೇಶದ ಒಂದು ಮಗುವಿನದು."

"ಆ ದೇಶದಾಗೂ ಇಂಥವು ಹುಟ್ತಾವಾ? ಅಲ್ಲೂ ಗ್ರಹಣದಾಗ ಈಳಿಗೆ ಮುಟ್ತಾರೇನು?"

"ಗ್ರಹಣಕ್ಕೆ ಮೊದಲೇ ಆದದ್ದು ಇದು. ಬಸುರು ನಿಂತ ಹೊತ್ತಿಗೇ ಮೂರಾಗಿತ್ತು."

ಹಾಲಮ್ಮ ಆ ಮೂರರ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. ಆಮೇಲೆ ಕೇಳಿದರು: "ಆ ಮೂರನೇದು ಯಾರ ಕಡೇದು?"

ಗಂಡನ ಕಡೆಯದು ಎಂದುಬಿಡಲೇ ಅನ್ನಿಸಿತು. ಒಳಗೆ ಬಾಗಿಲ ಸಂದಿಯಲ್ಲಿ ಬಸಮ್ಮ ನಿಂತಿದ್ದಳು. ಆದರೂ ಸುಳ್ಳು ಬಾಯಿಗೆ ಬರಲಿಲ್ಲ. "ಗೊತ್ತಿಲ್ಲ ಅಮ್ಮ. ಇಬ್ಬರಲ್ಲಿ ಯಾರದೂ ಇರಬಹುದು."

"ನನ್ನ ಮಗಂದೂ ಇರಬೋದು?"

"ಇರಬಹುದು."

"ಹಂಗಾರೆ ಯಾರನ್ನ ಮನೆಯಿಂದ ಕಳಸಾದ್ರೀ?" ಎಂದವರೇ ಮೊರವನ್ನು ಪಕ್ಕಕ್ಕೆ ಸರಿಸಿ, ಒಳಗೆ ನೋಡಿ ಕೂಗಿದರು. "ಬಸೀ, ಕೂಸನ್ನ ಇತ್ಲಾಗ ತಾ."

ಮುಂದಿನ ವಾರ ಹೆಸರಿಟ್ಟರು. ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಕೂಗುವವಳು ಸೋದರತ್ತೆ, ತಂದೆಯ ಅಕ್ಕನೋ ತಂಗಿಯೋ. ಹಾಲಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. "ನೀವೇ ಕೂಗ್ರಿ" ಎಂದು ಹಾಲಮ್ಮ ನನ್ನ ಕೈಹಿಡಿದು ಮುಂದೆ ತಂದರು. ನಾನು 'ಮಾದೇವಿ' ಎಂದು ಮೂರು ಸಲ ಕೂಗಿದೆ. ಕೂಸಿನ ಹೃದಯ ನಿತ್ರಾಣವಾಗಿದೆ, ಎಚ್ಚರವಿರಲಿ ಎಂದು ಡಾಕ್ಟರು ಹೇಳಿದ್ದಾರೆ. ಹೇಗೋ ಈಗ ಕತ್ತು ನಿಂತಿದೆ. ಗುರುತು ಹಿಡಿದು ನಗುತ್ತಾಳೆ.

ಕಳೆದ ವಾರ, ರಜೆಗೆ ಮನೆಗೆ ಹೋಗುತ್ತಿದ್ದೇನೆ ಎಂದು ಹೇಳಲು ಹೋದೆ. ಹಾಲಮ್ಮ ಕುಂಕುಮ ಹಚ್ಚಿ, ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿದರು. "ಹೋಗ್ಬರ್ರಿ. ತವರು ಇಲ್ಲೈತಿ ಅನ್ನಾದು ಮರೀಬ್ಯಾಡ್ರಿ."

ನಮ್ಮಲ್ಲಿ ಹೆಣ್ಣಿಗೆ ಬೇರೆ ತವರೆಂಬುದಿಲ್ಲ. ಹುಟ್ಟಿದ ಮನೆಯೇ ಕೊನೆಯವರೆಗೂ ಅವಳದು. ಅದನ್ನು ಅವರಿಗೆ ಹೇಳಲು ಹೊರಟವಳು, ಹೇಳದೆ ಮಡಿಲಿನ ಗಂಟು ಬಿಗಿದುಕೊಂಡೆ. ಊರಿಗೆ ಬಂದು ನಾಲ್ಕು ದಿನವಾಯಿತು. ಯಾವಾಗ ವರ್ಗ ಮಾಡಿಸಿಕೊಂಡು ಬರುತ್ತೀ ಎಂದು ಅಮ್ಮ ತುಳುವಿನಲ್ಲಿ ಕೇಳಿದಾಗ, "ನೋಡ್ತೀನ್ರೀ" ಎಂದುಬಿಟ್ಟೆ. ಅಮ್ಮ ಬಡಿಸುವ ಸೌಟು ಹಿಡಿದೇ ನನ್ನ ಮುಖ ನೋಡುತ್ತ ನಿಂತಳು.