ಅಪ್ಪಯ್ಯನ ಮುಂಡಾಸು ಕಟ್ಟಿಸಿದವರು

ಅಪ್ಪಯ್ಯನ ಅಭಿಮಾನಿಗಳು ಇವತ್ತಿಗೂ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಅಪ್ಪಯ್ಯ ಹೋಗಿ ಎಷ್ಟೋ ವರ್ಷವಾಯಿತು. ಬರುವವರಲ್ಲಿ ಅರ್ಧ ಜನ ಅವರ ವೇಷ ಕಂಡವರೂ ಅಲ್ಲ, ತಮ್ಮ ಅಪ್ಪ ಅಜ್ಜಂದಿರು ಕಂಡು ಹೇಳಿದ್ದನ್ನು ಕೇಳಿದವರು. ಆದರೂ ಬರುತ್ತಾರೆ. ಜಗಲಿಯಲ್ಲಿ ಕೂತು, "ಹ್ವಾಯ್, ಅವ್ರ್ ಮುಂಡಾಸಿನ್ ಚಂದ ಈಗ್ಳ್ ಎಲ್ಲಿತ್ತ್?" ಎಂದು ಶುರು ಮಾಡುತ್ತಾರೆ. ನನಗೆ ಮೈ ಉರಿಯುತ್ತದೆ. ಇಷ್ಟು ವರ್ಷ ಕೇಳಿಸಿಕೊಂಡು ಸುಮ್ಮನಿದ್ದೆ. ಇನ್ನು ಸಾಕು, ಹೇಳಿಬಿಡುತ್ತೇನೆ.

ಅಪ್ಪಯ್ಯ ಯಕ್ಷಗಾನ ಮೇಳವೊಂದರಲ್ಲಿ ರಾಜವೇಷ ಮಾಡುತ್ತಿದ್ದರು. ಮೇಳದ ಹೆಸರು, ಪ್ರಸಂಗದ ಹೆಸರು ಎರಡನ್ನೂ ಹೇಳುವುದಿಲ್ಲ. ಹೇಳಿದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ, ಆಮೇಲೆ ಇನ್ನೂ ನಾಲ್ಕು ಜನ ಹೆಚ್ಚು ಬರುತ್ತಾರೆ. ಆ ಒಂದು ಪ್ರಸಂಗವನ್ನು ಮೇಳದವರು ನಾನು ಹುಟ್ಟುವ ಮೊದಲಿನಿಂದ ಆಡುತ್ತಿದ್ದರು. ಆಟದ ಹರಕೆ ಹೊತ್ತವರು ಅದನ್ನೇ ಕೇಳುತ್ತಿದ್ದರು. ಗದ್ದೆಯಲ್ಲಿ ನಟ್ಟಿ ಮಾಡುವ ಹೆಂಗಸರ ಬಾಯಲ್ಲೂ ಅದರ ಪದಗಳಿದ್ದವು. ಹಾಗಿದ್ದೂ ಪ್ರತಿ ವರ್ಷ ಹೊಸದಾಗಿ ನೋಡುವವರಂತೆ ಚಾಪೆ ಸುತ್ತಿಕೊಂಡು ಬಂದು ಎದುರಿಗೆ ಜಾಗ ಹಿಡಿಯುತ್ತಿದ್ದರು.

ಅವರು ಬರುತ್ತಿದ್ದುದು ಕಥೆ ಕೇಳಲಿಕ್ಕಲ್ಲ, ಅಪ್ಪಯ್ಯನ ಮುಂಡಾಸು ನೋಡಲಿಕ್ಕೆ. ಎಲ್ಲ ಮೇಳದ ರಾಜವೇಷಕ್ಕೂ ಮುಂಡಾಸು ಇದೆ, ಆದರೆ ಅಪ್ಪಯ್ಯನದ್ದೇ ಬೇರೆ. ಹುಲ್ಲು ತುಂಬಿ ಬಟ್ಟೆ ಸುತ್ತಿದ ಸುರುಳಿಗಳನ್ನು ತಲೆಯ ಮೇಲೆ ಒಂದರ ಮೇಲೊಂದು ಕೂರಿಸಿ, ಮೇಲಿಂದ ಕಪ್ಪು ಬಟ್ಟೆ ಸುತ್ತಿ, ಅದರ ಮೇಲೆ ಜರಿಯ ಪಟ್ಟಿಗಳನ್ನು ಓರೆಯಾಗಿ ಎಳೆದರೆ ಅರಳುವ ಮೊದಲಿನ ತಾವರೆಯ ಹಾಗೆ ಕಾಣುತ್ತಿತ್ತು. ಪಟ್ಟಿಗಳ ನಡುವಿನ ಅಂತರ ಒಂದು ಕೂದಲಿನಷ್ಟೂ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ಇದೆಲ್ಲವನ್ನೂ ಪ್ರತಿ ದಿನ ಹೊಸದಾಗಿ ಕಟ್ಟಬೇಕು, ಆಟ ಮುಗಿದ ಮೇಲೆ ಬಿಚ್ಚಬೇಕು. ಕಟ್ಟುವಾಗ ಬಟ್ಟೆಯ ತುದಿಯನ್ನು ಒಬ್ಬರು ದೂರದಲ್ಲಿ ಜಗ್ಗಿ ಹಿಡಿಯುತ್ತಿದ್ದರು, ಅಪ್ಪಯ್ಯ ನಿಂತಲ್ಲೇ ತಿರುಗುತ್ತ ತಿರುಗುತ್ತ ಬಟ್ಟೆಯೊಳಗೆ ಸೇರಿಕೊಳ್ಳುತ್ತಿದ್ದರು. ತುದಿ ಹಿಡಿಯುವುದು ಆಯಾ ಊರಿನ ದೊಡ್ಡ ಅಭಿಮಾನಿಗೆ ಸಲ್ಲುವ ಮರ್ಯಾದೆ. ಅದಕ್ಕಾಗಿ ಜಗಳಗಳೂ ಆಗಿವೆ. ಹಿಡಿದವನು ಎಷ್ಟು ಬಿಗಿಯಾಗಿ ಜಗ್ಗುತ್ತಾನೋ ಅಷ್ಟು ಅವನ ಭಕ್ತಿ ಎಂದು ಲೆಕ್ಕ.

ಆ ಬಿಗಿತಕ್ಕೆ ಅಪ್ಪಯ್ಯನ ಹಣೆಯ ಮೇಲೆ ಅಡ್ಡಲಾಗಿ ಒಂದು ಗುಳಿ ಬಿದ್ದಿತ್ತು. ಮೇಳ ತಿರುಗಾಟ ನಿಲ್ಲಿಸುವ ಮಳೆಗಾಲದಲ್ಲೂ ಅದು ಮಾಯುತ್ತಿರಲಿಲ್ಲ. ಚಿಕ್ಕವಳಿದ್ದಾಗ ಎಲ್ಲ ಅಪ್ಪಂದಿರ ಹಣೆಯಲ್ಲೂ ಅದು ಇರುತ್ತದೆ ಎಂದುಕೊಂಡಿದ್ದೆ.

ಯುದ್ಧದ ಕಾಲ ಅದು. ನನಗೆ ಹದಿನೇಳೋ ಹದಿನೆಂಟೋ. ಒಂದು ಮಳೆಗಾಲ ಅಪ್ಪಯ್ಯ ಮನೆಗೆ ಬಂದವರು ತಲೆ ಹಿಡಿದುಕೊಂಡು ಮಲಗಿದರು. ಪಿತ್ತ ಎಂದರು. ಅಬ್ಬಿ, ಅಂದರೆ ನನ್ನ ತಾಯಿ, ಅವರ ಕಣ್ಣಿಗೆ ನಂದಿಬಟ್ಟಲು ಹೂವಿನ ನೀರು ಬಿಟ್ಟಳು. ಎಡಗಣ್ಣಿನ ಎದುರು ಹೊಗೆ ಕವಿದ ಹಾಗಾಗುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದು ಅವರು ಬಾಯಿಬಿಟ್ಟದ್ದು ಹದಿನೈದು ದಿನ ಕಳೆದ ಮೇಲೆ. ದೋಣಿ ದಾಟಿಸಿ ಕುಂದಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಣ್ಣು ನೋಡಿದರು, ಆಮೇಲೆ ಹಣೆಯ ಗುಳಿಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಕಣ್ಣಿನೊಳಗೆ ಒತ್ತಡ ಏರಿದೆ, ಇನ್ನು ತಲೆಗೆ ಏನನ್ನೂ ಬಿಗಿಯಬಾರದು, ಬಿಗಿದರೆ ಎಡಗಣ್ಣು ಹೋಗುವುದು ಖಂಡಿತ, ಬಲಗಣ್ಣೂ ಉಳಿಯುವ ಭರವಸೆ ಇಲ್ಲ ಎಂದರು. ಎರಡು ಸಲ ಹೇಳಿದರು. ಅಪ್ಪಯ್ಯ ಎರಡು ಸಲವೂ ತಲೆಯಾಡಿಸಿದರು.

ಮರವಂತೆಯ ನಮ್ಮ ಮನೆಯಲ್ಲಿ ಆ ಮಳೆಗಾಲವಿಡೀ ನಾನು ಒಂದೇ ಕೆಲಸ ಮಾಡಿದೆ. ಗದ್ದೆ ಕೆಲಸಕ್ಕೆ ಹಾಕಿಕೊಳ್ಳುವ ಅಡಿಕೆ ಹಾಳೆಯ ಮುಟ್ಟಾಳೆಯೊಂದನ್ನು ಅಪ್ಪಯ್ಯನ ತಲೆಯ ಅಳತೆಗೆ ಸಡಿಲವಾಗಿ ಕತ್ತರಿಸಿದೆ. ಒಳಗೆ ಹತ್ತಿ ಇಟ್ಟೆ. ಅದರ ಮೇಲೆ ಹುಲ್ಲಿನ ಸುರುಳಿಗಳನ್ನು ಕೂರಿಸಿ ಹೊಲಿದೆ. ಮೇಲೆ ಸುತ್ತಲು ಕಪ್ಪು ಬಟ್ಟೆ ಬೇಕಿತ್ತು. ಮೇಳದ ಹಳೆಯ ಬಟ್ಟೆ ಬೆವರಿಗೆ ಲಡ್ಡಾಗಿ, ಮುಟ್ಟಿದಲ್ಲಿ ಹರಿಯುತ್ತಿತ್ತು. ಯುದ್ಧದಿಂದಾಗಿ ಆಗ ಬಟ್ಟೆಗೆ ಕಂಟ್ರೋಲು, ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಬ್ಬಿಯ ತವರು ಕೋಟೇಶ್ವರ. ಅಲ್ಲಿನ ಜವಳಿ ಅಂಗಡಿಯವರು ಅಪ್ಪಯ್ಯನ ಅಭಿಮಾನಿಗಳಲ್ಲೆಲ್ಲ ಮೊದಲಿನವರು, ಎಷ್ಟೋ ವರ್ಷದಿಂದ ತುದಿ ಹಿಡಿದವರು. ಅಬ್ಬಿ ಅವರ ಅಂಗಡಿಗೆ ಹೋಗಿ ನಿಂತಳು. "ಒಂದ್ ಗೇಣ್ ಅರ್ಬಿ ಇಲ್ಲೆ ಅಮ್ಮಾ, ದೇವ್ರಾಣೆ," ಎಂದರಂತೆ. ಅವಳು ಉಟ್ಟ ಸೀರೆಯಲ್ಲಿ ಆಗ ಮೂರು ತೇಪೆಗಳಿದ್ದವು, ಅವರು ಅದನ್ನೂ ನೋಡಿರಬೇಕು. ಅಬ್ಬಿ ಮನೆಗೆ ಬಂದು ಪೆಟ್ಟಿಗೆ ತೆರೆದು, ನಾನು ಹೊಟ್ಟೆಯಲ್ಲಿದ್ದಾಗ ಬಯಕೆಗೆಂದು ತವರಿನವರು ಉಡಿಸಿದ ಕಪ್ಪು ಸೀರೆಯನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. "ಇದನ್ನೇ ಹರಿ," ಎಂದಳು. ಅವಳ ಹತ್ತಿರ ಇದ್ದ ಒಳ್ಳೆಯ ಸೀರೆ ಅದೊಂದೇ.

ಮುಂಡಾಸು ತಯಾರಾಯಿತು. ಅಪ್ಪಯ್ಯ ಅದನ್ನು ತಲೆಗಿಟ್ಟು, ಗಲ್ಲದ ಕೆಳಗೆ ದಾರ ಕಟ್ಟಿಕೊಂಡು, ಜಗಲಿಯಲ್ಲಿ ಮೊಣಕಾಲೂರಿ ಗಿರಕಿ ಹೊಡೆದು ತೋರಿಸಿದರು. ನೋವೇ ಇಲ್ಲ ಎಂದು ನಕ್ಕರು. ಅಬ್ಬಿ ಅತ್ತಳು. ನಾನು ಮಾತ್ರ ಒಂದು ವಿಷಯ ಕಂಡೆ. ಗಿರಕಿ ಮುಗಿದು ತಲೆ ನಿಂತ ಮೇಲೂ ಆ ಮುಂಡಾಸು ಒಂದಿಷ್ಟು ತಡವಾಗಿ ನಿಲ್ಲುತ್ತಿತ್ತು. ಬಿಗಿದು ಕಟ್ಟಿದ ಮುಂಡಾಸು ಹಾಗಲ್ಲ, ಅದು ತಲೆಯೇ ಆಗಿರುತ್ತದೆ. ನಾನು ಯಾರಿಗೂ ಹೇಳಲಿಲ್ಲ.

ದೀಪಾವಳಿ ಕಳೆದು ಮೇಳ ಹೊರಟಿತು. ಆ ವರ್ಷದ ಮೊದಲ ಆಟ ಕೋಟೇಶ್ವರದಲ್ಲಿ. ನಾನೂ ಅಬ್ಬಿಯೂ ಅವಳ ತವರಿಗೆ ಹೋಗಿದ್ದೆವು. ಸಂಜೆ, ಹೊತ್ತು ಮುಳುಗುವ ಮೊದಲೇ ವೇಷ ಕಟ್ಟುವ ಚೌಕಿಗೆ ಅಪ್ಪಯ್ಯನ ಎಣ್ಣೆ ಸೀಸೆ ತಲುಪಿಸಲು ಹೋದವಳು ತೆಂಗಿನ ಮಡಲಿನ ತಟ್ಟಿಯ ಹಿಂದೆ ನಿಂತೆ. ಒಳಗೆ ಮುಂಡಾಸು ಕಟ್ಟುವುದನ್ನು ನೋಡಲು ಎಂಟು ಹತ್ತು ಜನ ಆಗಲೇ ಸುತ್ತ ಕೂತಿದ್ದರು. ಅಪ್ಪಯ್ಯ ಪೆಟ್ಟಿಗೆಯಿಂದ ನನ್ನ ಮುಂಡಾಸನ್ನು ತೆಗೆದು ಎದುರಿಗಿಟ್ಟರು.

"ಇದೆಂತ ಇದ್?" ಎಂದರು ಜವಳಿಯವರು.

"ಮುಂಡಾಸೇ ಅಯ್ಯ. ಮಳಿಗಾಲ್ದಗೆ ಮಗಳ್ ಮಾಡಿದ್. ಕಟ್ಟುದ್ ಬ್ಯಾಡ, ಇಟ್ಕಂಡ್ರ್ ಆಯ್ತ್."

"ಟೊಪ್ಪಿ ಇಟ್ಕಂಡ್ ರಾಜ ಆಪುದಾ? ನಾವ್ ಇಷ್ಟ್ ವರ್ಷ ಕಂಡದ್ ಇದನ್ನಾ?"

ಅಪ್ಪಯ್ಯ ತಲೆ ತಗ್ಗಿಸಿದರು. "ಡಾಕ್ಟ್ರ್ ಹೇಳಿರ್. ತಲಿಗ್ ಬಿಗಿದ್ರೆ ಕಣ್ಣ್ ಹೋತ್ತ್ ಅಂದೇಳಿ. ಎಡ್ಗಣ್ಣಗೆ ಈಗ್ಳೇ ಮಬ್ಬ್."

ಜವಳಿಯವರ ಕಣ್ಣಲ್ಲಿ ನೀರು ಬಂತು. ನಾಟಕವಲ್ಲ, ನಿಜವಾದ ನೀರು; ಅದನ್ನು ಅಲ್ಲಗಳೆಯುವುದಿಲ್ಲ. ಅಪ್ಪಯ್ಯನ ಎರಡೂ ಕೈ ಹಿಡಿದುಕೊಂಡರು. "ನಿಮ್ಗ್ ಎಂತಾರೂ ಆರೆ ನಾವ್ ಬದ್ಕುದ್ ಹ್ಯಾಂಗೆ? ಆರೆ ಮೊದಲ್ನೇ ಆಟ ಮಾರಾಯ್ರೇ. ಜನ ಎಲ್ಲ ಬಂದ್ ಕೂಕಂಡಿತ್ತ್. ಇವತ್ತೊಂದ್ ದಿನ ಕಟ್ಟಿ. ನಾಳಿಂದ ಬ್ಯಾಡವೇ ಬ್ಯಾಡ."

ಕಟ್ಟಲು ಬಟ್ಟೆ ಇಲ್ಲ ಎಂದರು ಅಪ್ಪಯ್ಯ. ಜವಳಿಯವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಅಂಗಡಿಗೆ ಓಡಿಸಿದರು. ಎಲೆ ಅಡಿಕೆ ಹಾಕಿ ಮುಗಿಯುವುದರೊಳಗೆ ಹೊಸ ಕಪ್ಪು ಬಟ್ಟೆಯ ಕಟ್ಟೊಂದು ಬಂತು, ಮಡಿಕೆ ಬಿಚ್ಚದ್ದು, ಗಂಜಿಯ ವಾಸನೆಯದ್ದು. ಅಬ್ಬಿಗೆ ಒಂದು ಗೇಣು ಇಲ್ಲದ ಅಂಗಡಿಯಲ್ಲಿ ಮುಂಡಾಸಿಗೆ ಮಾರುಗಟ್ಟಲೆ ಇತ್ತು. ನನ್ನ ಪಿತ್ತ ನೆತ್ತಿಗೇರಿತು. ತಟ್ಟಿ ಹರಿದು ಒಳಗೆ ನುಗ್ಗಿ ಅದನ್ನು ಅವರ ಮುಖಕ್ಕೆ ಎಸೆಯಬೇಕಿತ್ತು. ಹೆಂಗಸರು ಕಾಲಿಡದ ಜಾಗ ಎಂದು ನಿಂತುಬಿಟ್ಟೆ. ಅಪ್ಪಯ್ಯ ತಿರುಗಲು ಶುರು ಮಾಡಿದ್ದರು. ಜವಳಿಯವರು ಅಳುತ್ತಲೇ ತುದಿ ಜಗ್ಗುತ್ತಿದ್ದರು, ಒಂಚೂರೂ ಸಡಿಲ ಬಿಡದೆ.

ಮೇಳದ ಆಟ ದಿನಕ್ಕೊಂದು ಊರಲ್ಲಿ. ಇದನ್ನು ನಾನು ಮಾತ್ರ ಅಲ್ಲ, ನಾವು ಯಾರೂ ಯೋಚಿಸಿರಲಿಲ್ಲ. ಕೋಟೇಶ್ವರದವರು ಕೇಳಿದ್ದು ಒಂದು ದಿನ, ಕೊಟ್ಟ ಮಾತಿಗೆ ಅವರು ತಪ್ಪಲೂ ಇಲ್ಲ. ಮರುದಿನ ಬೇರೆ ಊರು, ಬೇರೆ ಜನ. ಅವರಿಗೂ ವರ್ಷಕ್ಕೆ ಒಂದೇ ಆಟ. "ನಿನ್ನೆ ಅಲ್ಲಿ ಕಟ್ಟಿರ್ ಅಂಬ್ರ್, ನಮ್ಮೂರೆಂತ ಕೀಳಾ?" ಎಂದರು. ಕಣ್ಣಿನ ಸುದ್ದಿ ಕೇಳಿ ಅವರೂ ಮರುಗಿದರು, ಅವರೂ ಕೈ ಹಿಡಿದರು, ಅವರೂ ಒಂದು ದಿನವೇ ಕೇಳಿದರು. ಬ್ರಹ್ಮಾವರದಲ್ಲಿ ಒಂದು ದಿನ. ಕಿರಿಮಂಜೇಶ್ವರದಲ್ಲಿ ಒಂದು ದಿನ. ಬೈಂದೂರಿನಲ್ಲಿ ಅಪ್ಪಯ್ಯನ ಕಣ್ಣಿಗೆಂದು ದೇವರಿಗೆ ಹಣ್ಣುಕಾಯಿ ಮಾಡಿಸಿ, ಪ್ರಸಾದವನ್ನು ಕಣ್ಣಿಗೆ ಒತ್ತಿ, ಆಮೇಲೆ ತುದಿ ಹಿಡಿದರಂತೆ. ಇದನ್ನು ಅಪ್ಪಯ್ಯ ಮೇಳ ಈ ಕಡೆ ಬಂದಾಗ ಮನೆಗೆ ಬಂದು ಹೇಳಿದ್ದು. ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು. ನನಗೆ ಅವರ ಮೇಲೂ ಕೆಟ್ಟ ಸಿಟ್ಟು ಬಂತು. ಒಬ್ಬ ಮನುಷ್ಯನಿಗೆ ಆಗುವುದಿಲ್ಲ ಎನ್ನಲು ಎಷ್ಟು ನಾಲಿಗೆ ಬೇಕು? ವೇಷ ಹಾಕಿ ದೇವತೆಗಳನ್ನೇ ಗದರಿಸುತ್ತಿದ್ದ ಮನುಷ್ಯ, ಬಣ್ಣ ಹಚ್ಚುವ ಮೊದಲು ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಎಡಗಣ್ಣು ಹೋಗಿತ್ತು. ಆ ತಿರುಗಾಟದ ಕೊನೆಯ ಆಟಗಳಲ್ಲೊಂದು ಮರವಂತೆಯಲ್ಲಿ, ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ. ಅಷ್ಟರಲ್ಲಿ ಬ್ರಹ್ಮಾವರದ ಕಡೆ ನನ್ನ ಮದುವೆ ನಿಶ್ಚಯವಾಗಿತ್ತು. ಗಂಡಿನ ಮನೆಯವರು ಆಟಕ್ಕೆ ಬರುತ್ತೇವೆಂದು ಹೇಳಿ ಕಳಿಸಿದ್ದರು. ಆಟದ ದಿನ ಮಧ್ಯಾಹ್ನ ಊಟ ಮಾಡಿ ಅಪ್ಪಯ್ಯ ಒಳಗಿನ ಪೆಟ್ಟಿಗೆಯಿಂದ ನನ್ನ ಮುಂಡಾಸನ್ನು ಹುಡುಕಿ ತೆಗೆದರು. ಕೋಟೇಶ್ವರದ ಆಟದ ಮರುದಿನ ನಾನು ಮನೆಗೆ ತಂದಿಟ್ಟದ್ದು, ಆರು ತಿಂಗಳಿಂದ ಅಲ್ಲೇ ಬಿದ್ದಿತ್ತು. ಬಲಗಣ್ಣಿನ ಹತ್ತಿರ ಹಿಡಿದು ಜರಿ ನೋಡಿದರು. ಆಮೇಲೆ, ಚಿಕ್ಕ ಹುಡುಗಿಯನ್ನು ಕರೆಯುವ ಹಾಗೆ, ನನ್ನನ್ನು ಕರೆದರು.

"ಹೆಣೆ, ನಮ್ಮೂರೇ ಅಲ್ದಾ? ಇಲ್ಲಿ ಕೇಂಬರ್ ಯಾರಿದ್ರ್? ಇವತ್ತ್ ಇದನ್ನೇ ಇಟ್ಕಂಬನಾ?"

ಅವರು ಬೇರೆ ಯಾರನ್ನೂ ಕೇಳಲಿಲ್ಲ, ನನ್ನನ್ನು ಕೇಳಿದರು. ನನ್ನ ಕಣ್ಣ ಮುಂದೆ ಬಂದದ್ದು ಜಗಲಿಯಲ್ಲಿ ತಡವಾಗಿ ನಿಂತ ಮುಂಡಾಸು. ಗಂಡಿನ ಮನೆಯವರು ಎದುರು ಸಾಲಿನಲ್ಲಿ ಕೂತು ಅದನ್ನು ನೋಡುತ್ತಾರೆ. ಇವಳ ಅಪ್ಪನ ಮುಂಡಾಸು ಎಂದರೆ ಇಷ್ಟೇಯಾ ಎನ್ನುತ್ತಾರೆ.

"ಇವತ್ತೊಂದ್ ದಿನ ಕಟ್ಟಿ ಅಪ್ಪಯ್ಯ," ಎಂದೆ.

ಅವರು ಹೂಂ ಎಂದು ಅದನ್ನು ಪೆಟ್ಟಿಗೆಯೊಳಗೆ ಇಟ್ಟರು.

ಆಟ ಮುಗಿದ ಮೇಲೆ ಮೂರು ದಿನ ತಡೆಯಲಾಗದ ತಲೆನೋವು. ವಾಂತಿ. ದೋಣಿಯಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ಬಲಗಣ್ಣೂ ಮುಗಿದಿತ್ತು. ಡಾಕ್ಟರು ನಮ್ಮನ್ನು ಬೈಯಲಿಲ್ಲ, ಕಿಟಕಿಯ ಕಡೆ ತಿರುಗಿ ನಿಂತರು.

ಮಳೆ ಹಿಡಿಯುವ ಮೊದಲು ಜವಳಿಯವರು ಮುಂದಾಗಿ ನಾಲ್ಕೂರಿನ ಅಭಿಮಾನಿಗಳನ್ನು ಕೂಡಿಸಿಕೊಂಡು ಮನೆಗೆ ಬಂದರು. ಹಾರ ಹಾಕಿದರು. ಹಾಕಿದವರು ಯಾರೆಂದು ಅಪ್ಪಯ್ಯ ದನಿಯಿಂದ ಗುರುತಿಸಿದರು. ಎಲ್ಲರೂ ಅತ್ತರು. ಅಂಥ ಮುಂಡಾಸು ಇನ್ನು ಹುಟ್ಟುವುದಿಲ್ಲ ಎಂದರು. ನಾನು ಬಾಗಿಲಲ್ಲಿ ನಿಂತು, ಕಣ್ಣು ತಿಂದವರು ನೀವೇ, ಎದ್ದು ಹೋಗಿ ಎನ್ನಲು ಬಾಯಿ ತೆರೆದೆ. ಅಪ್ಪಯ್ಯನ ಮುಖ ನನ್ನ ಕಡೆ ತಿರುಗಿತು. ಆಟದ ದಿನ ಮಧ್ಯಾಹ್ನ ನಾನು ಆಡಿದ ಮಾತನ್ನು ಅವರು ಅಬ್ಬಿಗೂ ಹೇಳಿರಲಿಲ್ಲ. ನಾನು ಒಳಗೆ ಹೋಗಿ ಬಂದವರಿಗೆ ಬೆಲ್ಲ ನೀರು ತಂದಿಟ್ಟೆ.

ಅವರೆಲ್ಲ ಹೋದ ಮೇಲೆ ಅಪ್ಪಯ್ಯ ಹಾರ ತೆಗೆದು ಪಕ್ಕಕ್ಕಿಟ್ಟು ನನ್ನನ್ನು ಹತ್ತಿರ ಕರೆದರು.

"ಅವತ್ತ್ ನಮ್ಮೂರಾಟ್ದಗೆ ಮುಂಡಾಸ್ ಲಾಯ್ಕ್ ಇದ್ದಿತ್ತಾ ಹೆಣೆ? ನಂಗೆ ಕನ್ನಡಿ ಸಮಾ ಕಾಣ್ಲಿಲ್ಲೆ."

"ಲಾಯ್ಕ್ ಇದ್ದಿತ್ತ್ ಅಪ್ಪಯ್ಯ," ಎಂದೆ.

ನಾನು ಕಂಡ ಮುಂಡಾಸುಗಳಲ್ಲೆಲ್ಲ ಅದೇ ಚಂದದ್ದು. ಆ ಮಾತು ಸುಳ್ಳಾಗಿದ್ದರೆ ನನಗೆ ಇವತ್ತಿಗೂ ಇಷ್ಟು ಸಿಟ್ಟು ಇರುತ್ತಿರಲಿಲ್ಲ.